ದೊರೆ ಹೋದ ಮೇಲೆ ಉಳಿದ ಕಟ್ಟಡ



ಹೋದ ಕಾರ್ತೀಕ ಮಾಸದಲ್ಲಿ ಒಂದು ಸಂಜೆ ಶ್ರೀಮಠಕ್ಕೆ ಒಬ್ಬ ಯುವಕ ತನ್ನ ತಂದೆತಾಯಿಯರೊಡನೆ ಬಂದಿದ್ದ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿದ ಹುಡುಗ. ಈಗ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಕ್ಷೇಮಸಮಾಚಾರವೆಲ್ಲ ಮುಗಿದು, ಹಣ್ಣು ಕೊಟ್ಟು ಕಳಿಸಿದ ಮೇಲೆ, ಬಾಗಿಲವರೆಗೆ ಹೋದವನು ಮತ್ತೆ ತಿರುಗಿ ಬಂದು ಕುಳಿತ. “ಬುದ್ಧಿ, ಒಂದು ಸಂಶಯವಿದೆ” ಎಂದ. ಏನಪ್ಪಾ ಎಂದೆವು.

ಅವನಿರುವ ಊರಿನಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ ಒಂದು ಬೆಟ್ಟದ ಸಾಲಿದೆ. ಅಲ್ಲಿ ಬಂಡೆಯನ್ನು ಕೊರೆದು ಮಾಡಿದ ದೊಡ್ಡ ಕ್ರೈಸ್ತ ದೇವಾಲಯವೊಂದಿದೆ. ರಜೆಯ ದಿನ ಗೆಳೆಯನೊಬ್ಬನ ಜೊತೆ ಅದನ್ನು ನೋಡಲು ಹೋಗಿದ್ದನಂತೆ. ಒಳಗೆ ಸನ್ಯಾಸಿಗಳು ಪ್ರಾರ್ಥನೆ ಮಾಡುತ್ತಿದ್ದರು. ಮಠದಲ್ಲಿ ಬೆಳೆದ ಹುಡುಗ ನೋಡಿ, ಕೈ ತಾನಾಗಿ ಮೇಲೆದ್ದಿತು. ಆಗ ಹಿಂತಿರುಗಿ ನೋಡುತ್ತಾನೆ, ಗೆಳೆಯ ಜೊತೆಯಲ್ಲಿಲ್ಲ. ಬಾಗಿಲ ಹೊರಗೇ ನಿಂತುಬಿಟ್ಟಿದ್ದಾನೆ. ಏಕೆ ಎಂದು ಕೇಳಿದರೆ ಅವನು ಹೇಳಿದನಂತೆ: “ನಮ್ಮ ಅಜ್ಜಿಯ ಅಣ್ಣ ಒಳಗೆ ಇದ್ದಾನೆ. ನಮ್ಮ ಮನೆಯವರನ್ನು ಕೇಳದೆ ತಂದಿಟ್ಟರು. ನಾನು ಒಳಗೆ ಬರುವುದಿಲ್ಲ.”

“ಬುದ್ಧಿ, ನಾನು ಅಲ್ಲಿ ಕೈಮುಗಿಯಬೇಕಾಗಿತ್ತೋ, ಬೇಡವಾಗಿತ್ತೋ?”

ಆ ಹೊತ್ತಿಗೆ ನಾವು ಉತ್ತರ ಕೊಡಲಿಲ್ಲ. ಕೊಡಲು ಬರಲಿಲ್ಲ ಎನ್ನುವುದೇ ಸರಿಯಾದ ಮಾತು. ಇಂಥ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವವನು ಪ್ರಶ್ನೆಯನ್ನು ಕೇಳಿಸಿಕೊಂಡಿರುವುದಿಲ್ಲ. ಆಮೇಲೆ ಒಂದಿಷ್ಟು ಓದಿದೆವು, ತಿಳಿದವರನ್ನು ಕೇಳಿದೆವು. ತಿಳಿದದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ.

ಸ್ಪೇನ್ ದೇಶದಲ್ಲಿ 1936ರಿಂದ 1939ರವರೆಗೆ ಒಂದು ಯುದ್ಧ ನಡೆಯಿತು. ಪರದೇಶದವರ ಮೇಲೆ ಮಾಡಿದ ಯುದ್ಧವಲ್ಲ. ಮನೆಯೊಳಗಿನ ಯುದ್ಧ. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ಜನರು ಆರಿಸಿದ ಗಣರಾಜ್ಯ ಸರ್ಕಾರದ ಮೇಲೆ ಸೇನಾಪತಿಗಳು ಎದ್ದರು. ಅವರಲ್ಲಿ ಫ್ರಾಂಕೋ ಎಂಬುವನು ಕೊನೆಗೆ ಗೆದ್ದ. ಗೆದ್ದು 1975ರಲ್ಲಿ ಸಾಯುವವರೆಗೂ ಆ ದೇಶವನ್ನು ಒಬ್ಬನೇ ಆಳಿದ. ಗೆದ್ದ ದಿನಕ್ಕೆ ಒಂದು ವರ್ಷ ತುಂಬಿದಾಗ, 1940ರ ಏಪ್ರಿಲ್ 1ರಂದು, ಒಂದು ಆಜ್ಞೆ ಹೊರಡಿಸಿದ. ತನ್ನ ಪಕ್ಷದಲ್ಲಿ ಸತ್ತವರಿಗೆ ಒಂದು ಮಹಾ ಸ್ಮಾರಕ ಆಗಬೇಕು, ಅದು ಕಾಲಕ್ಕೂ ಮರೆವಿಗೂ ಜಗ್ಗಬಾರದು ಎಂದು. ಕೆಲಸ ಸುಮಾರು 19 ವರ್ಷ ನಡೆಯಿತು. 1959ರ ಏಪ್ರಿಲ್ 1ಕ್ಕೆ ಉದ್ಘಾಟನೆ. ಬೆಟ್ಟದ ಹೊಟ್ಟೆಯೊಳಗೆ ಸುಮಾರು 260 ಮೀಟರು ಉದ್ದದ ದೇವಾಲಯ. ಬೆಟ್ಟದ ನೆತ್ತಿಯ ಮೇಲೆ 150 ಮೀಟರು ಎತ್ತರದ ಶಿಲುಬೆ. ನಮ್ಮ ಗೋಲಗುಮ್ಮಟದ ಮೂರು ಪಾಲು ಎತ್ತರ ಎನ್ನಿ.

ಕಟ್ಟಿದವರು ಯಾರು? ಕೂಲಿಯವರೂ ಇದ್ದರು. ಸೋತ ಪಕ್ಷದ ಕೈದಿಗಳೂ ಇದ್ದರು. ದುಡಿದಷ್ಟು ದಿನಕ್ಕೆ ಲೆಕ್ಕ ಹಿಡಿದು ಶಿಕ್ಷೆಯಲ್ಲಿ ಇಷ್ಟು ದಿನ ಕಡಿತ ಎಂಬ ಏರ್ಪಾಡು. ಸೆರೆಮನೆಯಲ್ಲಿ ಕೊಳೆಯುವುದಕ್ಕಿಂತ ಬೆಟ್ಟದ ಗಾಳಿ ಲೇಸು ಎಂದು ಒಪ್ಪಿಕೊಂಡು ಬಂದವರೂ ಉಂಟು. ಅದನ್ನು ಒಪ್ಪಿಗೆ ಎನ್ನಬೇಕೋ ಬೇಡವೋ ನೀವೇ ಯೋಚಿಸಿ. ಬಂಡೆ ಸಿಡಿಸಿದ ಧೂಳು ಎದೆಗೂಡಿಗೆ ಇಳಿದು ಎಷ್ಟೋ ಜನ ಆಮೇಲೆ ಕೆಮ್ಮಿ ಕೆಮ್ಮಿ ಸತ್ತರು.

ಇನ್ನು ಒಳಗೆ ಇಟ್ಟವರ ಮಾತು. ಅಷ್ಟು ದೊಡ್ಡ ಗವಿಗೆ ತಕ್ಕಷ್ಟು ಹೆಣ ಬೇಕಲ್ಲ! ದೇಶದ ಮೂಲೆಮೂಲೆಯಿಂದ ಅಸ್ಥಿ ತರಿಸಿದರು. 33,000ಕ್ಕೂ ಹೆಚ್ಚು ಜನರ ಅಸ್ಥಿ. ಗೆದ್ದವರದಷ್ಟೇ ಸಾಲದಾಗಿ ಸೋತವರದನ್ನೂ ತಂದರು. ಗುಂಡಿಟ್ಟು ಕೊಂದು ಹಳ್ಳದಲ್ಲಿ ಒಟ್ಟಿಗೆ ಹೂತಿದ್ದವರನ್ನು ಅಗೆದು, ಪೆಟ್ಟಿಗೆಗೆ ತುಂಬಿ, ಮನೆಯವರಿಗೆ ಒಂದು ಮಾತೂ ಹೇಳದೆ ತಂದು ಗೋಡೆಯ ಹಿಂದೆ ಅಡುಕಿದರು. ಸಾವಿರ ಸಾವಿರ ಜನಕ್ಕೆ ಹೆಸರೇ ಇಲ್ಲ. ಬೆಟ್ಟದ ತೇವಕ್ಕೆ ಮರದ ಪೆಟ್ಟಿಗೆಗಳು ಕೊಳೆತು, ಒಬ್ಬರ ಎಲುಬು ಇನ್ನೊಬ್ಬರದರಲ್ಲಿ ಬೆರೆತುಹೋಯಿತು. ಕೊಂದವನೂ ಕೊಲ್ಲಿಸಿಕೊಂಡವನೂ ಒಂದೇ ರಾಶಿ. ಇದನ್ನು ಕೆಲವರು ಸಮನ್ವಯ ಎಂದರು. ತಾಯಂದಿರೇ, ಮಗ ಎಲ್ಲಿ ಮಣ್ಣಾದ ಎಂದು ತಾಯಿಗೆ ತಿಳಿಸದೆ ಮಾಡುವ ಸಮನ್ವಯ ಎಂಥದು?

ಹೀಗೆ ದೊರೆಗಳು ಕಟ್ಟುತ್ತಾರೆ. ಒಂದು ದಿನ ದೊರೆ ಹೋಗುತ್ತಾನೆ. ಹಾಸಿಗೆಯ ಮೇಲೋ, ಗುಂಡೇಟಿಗೋ. ದೊರೆ ಹೋಗುವುದು ಒಂದು ದಿನದ ಕೆಲಸ. ಕಟ್ಟಡ ಹೋಗುವುದಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಅದೇ ಎದುರಿಗೆ ನಿಂತಿರುತ್ತದೆ. ಈಗ ಜನ ಏನು ಮಾಡಬೇಕು?

ಕೆಡವಬೇಕು ಎನ್ನುವುದು ಮೊದಲು ಬರುವ ಮಾತು. ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಸ್ಟಾಲಿನ್ನನ ಭಾರಿ ಕಂಚಿನ ಪ್ರತಿಮೆ ಇತ್ತು. 1951ರಲ್ಲಿ ನಿಲ್ಲಿಸಿದ್ದರು. 1956ರ ಅಕ್ಟೋಬರ್ 23ರ ರಾತ್ರಿ ಜನ ಬಂದು ಹಗ್ಗ ಹಾಕಿ ಎಳೆದರು, ಕಾಲಿನ ಮೇಲೆ ಕೊಯ್ದು ಉರುಳಿಸಿದರು. ಬರಿಯ ಎರಡು ಬೂಟು ಪೀಠದ ಮೇಲೆ ಉಳಿದವು! ಬಡಪಾಯಿ ಜನ, ಅಂದು ನಕ್ಕರು. ಹನ್ನೆರಡು ದಿನದಲ್ಲಿ ಸೋವಿಯತ್ ಟ್ಯಾಂಕುಗಳು ನಗರವನ್ನು ಮುತ್ತಿದವು, ನಗು ಅಡಗಿತು. ಪ್ರತಿಮೆ ಬಿದ್ದರೂ ಆಳಿಕೆ ಬೀಳಲು ಇನ್ನೂ ಮೂವತ್ತಮೂರು ವರ್ಷ ಬೇಕಾಯಿತು. ಅದು ಬಿದ್ದ ಮೇಲೆ ಅವರು ಉಳಿದ ಪ್ರತಿಮೆಗಳನ್ನು ಒಡೆಯಲಿಲ್ಲ. ಲಾರಿಗಳಲ್ಲಿ ಹೇರಿ ಊರ ಹೊರಗಿನ ಒಂದು ಬಯಲಿನಲ್ಲಿ ನಿಲ್ಲಿಸಿದರು. 1993ರಿಂದ ಅದು ಒಂದು ಉದ್ಯಾನ. ಚೌಕದ ನಡುವೆ ಹೆದರಿಸುತ್ತಿದ್ದವರು ಅಲ್ಲಿ ಹುಲ್ಲಿನ ನಡುವೆ ಸಾಲಾಗಿ ನಿಂತಿದ್ದಾರೆ. ಶಾಲೆಯ ಮಕ್ಕಳು ನೋಡಿ ಹೋಗುತ್ತಾರೆ.

ಬಲ್ಗೇರಿಯದವರ ಕಥೆ ಬೇರೆ. 1949ರಲ್ಲಿ ಅವರ ನಾಯಕ ದಿಮಿತ್ರೋವ್ ತೀರಿಕೊಂಡಾಗ, ದೇಹ ಕೆಡದಂತೆ ಔಷಧ ಹಾಕಿ ಇಡಲು ಸೋಫಿಯಾ ನಗರದ ನಡುವೆ ಆರು ದಿನದಲ್ಲಿ ಒಂದು ಸಮಾಧಿಭವನ ಕಟ್ಟಿದರು. ಹಗಲೂ ರಾತ್ರಿ ಕೆಲಸ. 1990ರಲ್ಲಿ ಆ ದೇಹವನ್ನು ತೆಗೆದು ದಹನ ಮಾಡಿದರು. ಬರಿದಾದ ಭವನವನ್ನು 1999ರ ಆಗಸ್ಟಿನಲ್ಲಿ ಸಿಡಿಮದ್ದಿಟ್ಟು ಕೆಡವಹೊರಟರು. ದೊಡ್ಡ ಶಬ್ದವಾಯಿತು, ಹೊಗೆ ಎದ್ದಿತು, ಜನ ಕಣ್ಣುಜ್ಜಿಕೊಂಡು ನೋಡಿದರೆ ಭವನ ಸ್ವಲ್ಪ ವಾಲಿಕೊಂಡು ಹಾಗೇ ನಿಂತಿದೆ. ಮತ್ತೆ ಮತ್ತೆ ಮದ್ದಿಟ್ಟು, ಒಂದು ವಾರ ಒದ್ದಾಡಿದ ಮೇಲೆ ಹೋಯಿತು. ಕಟ್ಟಲು ಆರು ದಿನ ಸಾಕಾಗಿತ್ತು!

ಜರ್ಮನಿಯವರು ಹಿಟ್ಲರ್ ಸತ್ತ ನೆಲಮಾಳಿಗೆಯ ಜಾಗವನ್ನು ಮೋಟಾರು ನಿಲ್ಲಿಸುವ ಬಯಲು ಮಾಡಿದರು. ಅವನ ಹಿಂಬಾಲಕರು ಬಂದು ಅಲ್ಲಿ ಹೂವಿಟ್ಟಾರು, ಅದೇ ಒಂದು ಕ್ಷೇತ್ರವಾದೀತು ಎಂಬ ಅಂಜಿಕೆ. 2006ರಲ್ಲಿ ಮಾತ್ರ ಇಲ್ಲಿ ಇಂಥದು ಇತ್ತು ಎಂದು ಒಂದು ಫಲಕ ಹಾಕಿದರು. ಇದು ಜಾಣತನವೇ. ಎಲ್ಲ ನೆಲಕ್ಕೂ ನೆನಪಿನ ಗೌರವ ಸಲ್ಲಬೇಕಾಗಿಲ್ಲ.

ಆದರೆ ಕೆಡವಲೂ ಆಗದ, ಮುಚ್ಚಲೂ ಆಗದ ಕಟ್ಟಡಗಳಿವೆ. ರುಮೇನಿಯ ದೇಶದ ಬುಖಾರೆಸ್ಟ್ ನಗರಕ್ಕೆ ಹೋದವರು ಅಂಥದೊಂದನ್ನು ನೋಡದೆ ಬರಲಾರರು. ಚೌಷೆಸ್ಕು ಎಂಬ ಸರ್ವಾಧಿಕಾರಿ 1984ರಲ್ಲಿ ಅಡಿಗಲ್ಲು ಹಾಕಿದ ಅರಮನೆ. ಸಾವಿರಕ್ಕೂ ಹೆಚ್ಚು ಕೋಣೆ. ಅದಕ್ಕೆ ಜಾಗ ಬೇಕೆಂದು ಹಳೆಯ ಪೇಟೆಯ ದೊಡ್ಡ ಭಾಗವನ್ನೇ ಕೆಡವಿಸಿದ. ಸುಮಾರು 40,000 ಜನ ಮನೆ ಕಳೆದುಕೊಂಡರು. ದೇಶದ ಜನಕ್ಕೆ ರೊಟ್ಟಿ ಹಾಲಿಗೆ ಸಾಲು ನಿಲ್ಲುವ ಕಾಲ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಇಂಧನವಿಲ್ಲ. ಆಗ ಅಮೃತಶಿಲೆಯ ಮೆಟ್ಟಿಲು ಏಳುತ್ತಿತ್ತು. 1989ರ ಡಿಸೆಂಬರ್ 25ರಂದು ಅವನನ್ನೂ ಅವನ ಹೆಂಡತಿಯನ್ನೂ ಗುಂಡಿಟ್ಟು ಕೊಂದರು. ಆ ಅರಮನೆಯಲ್ಲಿ ಅವನು ಒಂದು ದಿನವೂ ವಾಸ ಮಾಡಲಿಲ್ಲ.

ಆ ಕೆಡವಾಟದ ನಡುವೆ ನಡೆದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ಬಹಳ ಆಳಕ್ಕೆ ಇಳಿದಿದೆ. ದಾರಿಗೆ ಅಡ್ಡ ಬಂದ ಹಳೆಯ ಗುಡಿಗಳನ್ನೂ ಒಡೆಯಬೇಕೆಂದು ಆಜ್ಞೆ ಇತ್ತು. ಎಷ್ಟೋ ಒಡೆದರು. ಯೊರ್ದಾಕೆಸ್ಕು ಎಂಬ ಒಬ್ಬ ಎಂಜಿನಿಯರು ಅಲ್ಲಿ ಕೆಲಸದಲ್ಲಿದ್ದ. ದೊರೆಯನ್ನು ಎದುರಿಸಿ ಮಾತನಾಡುವ ಕಾಲವಲ್ಲ. ಅವನು ಒಂದು ಉಪಾಯ ಮಾಡಿದ. ಗುಡಿಯ ಬುಡವನ್ನು ಮೆಲ್ಲಗೆ ಬಿಡಿಸಿ, ಅಡಿಯಲ್ಲಿ ಗಟ್ಟಿ ಕಾಂಕ್ರೀಟಿನ ತಟ್ಟೆಯಂಥದನ್ನು ಹಾಸಿ, ಜ್ಯಾಕಿನಿಂದ ಎತ್ತಿ, ರೈಲುಹಳಿಯ ಮೇಲೆ ಕೂರಿಸಿ, ಗೋಡೆ ಬಿರುಕು ಬಿಡದಂತೆ ಅಂಗುಲ ಅಂಗುಲವಾಗಿ ಸರಿಸಿಕೊಂಡು ಹೋದ. 1982ರಲ್ಲಿ ಒಂದು ಗುಡಿಯನ್ನು 245 ಮೀಟರು ಸರಿಸಿದ. 1985ರಲ್ಲಿ ಮಿಹಾಯ್ ವೊಡ ಎಂಬ ಪುರಾತನ ಮಠದ ಗುಡಿಯನ್ನು 289 ಮೀಟರು ಸರಿಸಿದ. ಹೀಗೆ ಹತ್ತಾರು ಕಟ್ಟಡ ಉಳಿದವು. ಇಂದಿಗೂ ಅವು ದೊಡ್ಡ ಮಹಡಿಗಳ ಹಿತ್ತಿಲಲ್ಲಿ ಇವೆ. ತೇರು ಸಾಗುವುದನ್ನು ನೀವೆಲ್ಲ ನೋಡಿದ್ದೀರಿ. ಹಗ್ಗ ಹಿಡಿದವರಿಗೆ ಎಷ್ಟು ಹುರುಪು, ಗೊನೆ ಕೊಡುವವನಿಗೆ ಎಷ್ಟು ಎಚ್ಚರ! ಅಲ್ಲಿ ಹುರುಪು ಇರಲಿಲ್ಲ, ಜಯಘೋಷವಿರಲಿಲ್ಲ. ಬರಿಯ ಎಚ್ಚರ.

ಆ ಅರಮನೆ ಈಗ ಏನಾಗಿದೆ? ಕೆಡವಬೇಕೆಂಬ ಮಾತು ಬಂದಿತ್ತು. ಕೊನೆಗೆ ಜನರು ಆರಿಸಿದ ಪ್ರತಿನಿಧಿಗಳು ಅಲ್ಲಿ ಹೋಗಿ ಕುಳಿತರು. ಅದೇ ಈಗ ಅವರ ಸಂಸತ್ತು. ಹೊಟ್ಟೆಗಿಲ್ಲದ ಜನರ ಹಣದಿಂದ ಕಟ್ಟಿದ್ದು ಜನರ ಕೈಗೇ ಬಂತು, ಒಳ್ಳೆಯದಾಯಿತು ಎನ್ನುವವರಿದ್ದಾರೆ. ಮನೆ ಕಳೆದುಕೊಂಡ ನಲವತ್ತು ಸಾವಿರ ಜನರಲ್ಲಿ ಒಬ್ಬ ಮುದುಕಿ ಆ ಮಾತು ಒಪ್ಪುತ್ತಾಳೆಯೇ? ಅವಳ ಅಡಿಗೆಮನೆ ಇದ್ದ ಜಾಗದಲ್ಲಿ ಯಾವುದೋ ಕಂಬ ನಿಂತಿದೆ. ನಮಗೆ ತೋರುವುದೇನೆಂದರೆ, ಕೆಡವುವುದೋ ಉಳಿಸುವುದೋ ಎಂಬುದು ಎರಡನೆಯ ಪ್ರಶ್ನೆ. ಇದರಡಿಯಲ್ಲಿ ಯಾರಿದ್ದಾರೆ, ಅವರನ್ನು ಕೇಳಿದಿರಾ ಎಂಬುದು ಮೊದಲನೆಯ ಪ್ರಶ್ನೆ. ಅದನ್ನು ಕೇಳದೆ ಕೆಡವಿದವನೂ ದೊರೆಯಂತೆಯೇ ನಡೆದುಕೊಂಡ, ಕೇಳದೆ ಉಳಿಸಿದವನೂ ದೊರೆಯಂತೆಯೇ ನಡೆದುಕೊಂಡ.

ಮತ್ತೆ ಸ್ಪೇನಿನ ಬೆಟ್ಟಕ್ಕೆ ಬರೋಣ. ಅಲ್ಲಿಯ ಕಥೆಯಲ್ಲಿ ನಮ್ಮನ್ನು ಅಲುಗಾಡಿಸಿದ ಭಾಗ ಇನ್ನೂ ಹೇಳಿಲ್ಲ. ಅಲ್ಲೊಂದು ಮಠವಿದೆ. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು 1958ರಲ್ಲಿ ಅಲ್ಲಿಗೆ ಬಂದರು. ಸತ್ತವರ ಆತ್ಮಕ್ಕೆ ಪ್ರಾರ್ಥನೆ ಮಾಡುವುದು ಅವರ ಕಾಯಕ. ಕೆಲಸ ಒಳ್ಳೆಯದೇ. ಎಲ್ಲ ಸತ್ತವರಿಗೂ ಪ್ರಾರ್ಥಿಸುತ್ತೇವೆ ಎಂದರು. 1975ರಲ್ಲಿ ಫ್ರಾಂಕೋ ಸತ್ತ. ಯುದ್ಧ ಮುಗಿದು 36 ವರ್ಷದ ಮೇಲೆ, 82ನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ ಸತ್ತವನನ್ನು ತಂದು ಯುದ್ಧದಲ್ಲಿ ಮಡಿದವರ ನಡುವೆ, ಮುಖ್ಯ ಪೀಠದ ಹಿಂಬದಿಯಲ್ಲಿ ಸಮಾಧಿ ಮಾಡಿದರು. ಹೆಸರಿಲ್ಲದ ಸಾವಿರಾರು ಜನ ಗೋಡೆಯ ಹಿಂದೆ. ಅವರನ್ನು ಅಲ್ಲಿಗೆ ತರಿಸಿದವನ ಹೆಸರು ಕಲ್ಲಿನ ಮೇಲೆ, ಅದರ ಮೇಲೆ ಹೂವು. ನಲವತ್ತನಾಲ್ಕು ವರ್ಷ ಹಾಗೇ ನಡೆಯಿತು. ಪ್ರತಿ ವರ್ಷ ನವೆಂಬರ್ 20ಕ್ಕೆ ಅವನ ಅಭಿಮಾನಿಗಳು ಬಂದು ಕೈಚಾಚಿ ವಂದಿಸುತ್ತಿದ್ದರು. 2007ರಲ್ಲಿ ಕಾನೂನು ಮಾಡಿ ಅಲ್ಲಿ ರಾಜಕೀಯದ ಸಭೆ ಕೂಡದೆಂದರು.

ಅವನನ್ನು ಅಲ್ಲಿಂದ ತೆಗೆಯಬೇಕೆಂದು ಸರ್ಕಾರ ಹೊರಟಾಗ ಮನೆಯವರು ನ್ಯಾಯಾಲಯಕ್ಕೆ ಹೋದರು. ಮಠದ ಮುಖ್ಯಸ್ಥರೂ ಒಳಗೆ ಬರಲು ಅನುಮತಿ ಇಲ್ಲ ಎಂದರು. 2019ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ಅಕ್ಟೋಬರ್ 24ರಂದು ಒಂದೂವರೆ ಟನ್ ತೂಕದ ಕಲ್ಲು ಎತ್ತಿದರು. ಮನೆಯವರೇ ಹೆಗಲು ಕೊಟ್ಟು ಪೆಟ್ಟಿಗೆಯನ್ನು ಹೊರಗೆ ತಂದರು. ಹೆಂಡತಿಯ ಸಮಾಧಿ ಇರುವ ಬೇರೆ ಸ್ಮಶಾನಕ್ಕೆ ಒಯ್ದು ಇಟ್ಟರು. ಅವಮಾನ ಮಾಡಲಿಲ್ಲ, ಕಲ್ಲು ಎಸೆಯಲಿಲ್ಲ. ಹೆಣಕ್ಕೂ ಒಂದು ಮರ್ಯಾದೆ ಉಂಟು. ಅವನು ಬೇರೆಯವರ ಹೆಣಕ್ಕೆ ಕೊಡದ ಮರ್ಯಾದೆಯನ್ನು ಅವನ ಹೆಣಕ್ಕೆ ಕೊಟ್ಟರು. ಇದನ್ನು ಓದಿದಾಗ ನಮಗೆ ಆ ಜನರ ಮೇಲೆ ಗೌರವ ಬಂತು.

ಇದಕ್ಕಿಂತ ದೊಡ್ಡ ಕೆಲಸ ಆಮೇಲೆ ಆರಂಭವಾಯಿತು. 1936ರಲ್ಲಿ ಕೊಂದ ಇಬ್ಬರು ಅಣ್ಣತಮ್ಮಂದಿರ ಅಸ್ಥಿಯನ್ನು ಮನೆಯವರಿಗೆ ಕೊಡಬೇಕೆಂದು 2016ರಲ್ಲೇ ಒಂದು ನ್ಯಾಯಾಲಯ ತೀರ್ಪಿತ್ತಿತ್ತು. ತೀರ್ಪು ಕಾಗದದಲ್ಲೇ ಉಳಿದಿತ್ತು. 2022ರಲ್ಲಿ ಹೊಸ ಕಾನೂನು ಬಂತು. ಬಿದ್ದವರ ಕಣಿವೆ ಎಂಬ ಫ್ರಾಂಕೋ ಕಾಲದ ಹೆಸರು ಹೋಗಿ ಆ ನೆಲದ ಹಳೆಯ ಹೆಸರಾದ ಕ್ವೆಲ್ಗಾಮುರೋಸ್ ಮತ್ತೆ ಬಂತು. 2023ರ ಜೂನ್ ತಿಂಗಳಲ್ಲಿ ತಜ್ಞರು ಬಿಳಿಯ ಉಡುಪು ತೊಟ್ಟು ಗೋಡೆಯ ಹಿಂದೆ ಹೋದರು. ನೂರಕ್ಕೂ ಹೆಚ್ಚು ಮನೆಯವರು ನಮ್ಮವರನ್ನು ಕೊಡಿ ಎಂದು ಅರ್ಜಿ ಹಾಕಿದ್ದರು. ಒಂದೊಂದು ಎಲುಬನ್ನೂ ಬೇರೆ ಮಾಡಿ, ಬದುಕಿರುವ ಬಂಧುಗಳ ರಕ್ತಸಂಬಂಧವನ್ನು ಪರೀಕ್ಷಿಸಿ, ಇದು ಇಂಥವನದು ಎಂದು ಗುರುತು ಹಿಡಿಯುವ ಕೆಲಸ. ಗುಡಿ ಸರಿಸಿದಂತೆ ಅಂಗುಲ ಅಂಗುಲದ ಕೆಲಸ. ಹೋಗಿ ಬೇಡಿಕೊಂಡವರಲ್ಲಿ ಎಂಬತ್ತು ದಾಟಿದ ಮಕ್ಕಳೂ ಇರಬಹುದು, ಅಪ್ಪನ ಮುಖ ನೋಡದ ಮಕ್ಕಳು.

ಶಿಲುಬೆಯನ್ನು ಉರುಳಿಸಿ ಎನ್ನುವವರು ಆ ದೇಶದಲ್ಲಿದ್ದಾರೆ. ಒಂದು ಕಲ್ಲನ್ನೂ ಮುಟ್ಟಬೇಡಿ ಎನ್ನುವವರೂ ಇದ್ದಾರೆ. 2025ರಲ್ಲಿ ಸರ್ಕಾರಕ್ಕೂ ಚರ್ಚಿನವರಿಗೂ ಒಂದು ಒಪ್ಪಂದವಾಯಿತು: ಸನ್ಯಾಸಿಗಳು ಇರಲಿ, ಪೂಜೆ ನಡೆಯಲಿ; ಜೊತೆಗೆ ಇದನ್ನು ಯಾರು ಕಟ್ಟಿಸಿದರು, ಯಾರು ಕಟ್ಟಿದರು, ಒಳಗಿರುವವರು ಯಾರು ಎಂದು ಬಂದವರಿಗೆ ತಿಳಿಸುವ ಏರ್ಪಾಡು ಅಲ್ಲೇ ಆಗಲಿ ಎಂದು. ಜಗಳ ಮುಗಿದಿಲ್ಲ. ಮುಗಿಯಲೂ ಬೇಕಾಗಿಲ್ಲ. ಇಂಥ ವಿಷಯದಲ್ಲಿ ಬೇಗ ಮುಗಿದ ಜಗಳವನ್ನು ನಂಬಬಾರದು.

ಆ ಸನ್ಯಾಸಿಗಳನ್ನು ನಾವು ಹಳಿಯುವುದಿಲ್ಲ. ಹಳಿಯಲು ನಮಗೆ ಬಾಯಿ ಬರುವುದಿಲ್ಲ. ದೊಡ್ಡವನೊಬ್ಬ ಬಂದು, ಸ್ವಾಮೀ, ನಿಮಗೆ ಗುಡಿ ಕಟ್ಟಿಸುತ್ತೇನೆ, ಮಠ ಕಟ್ಟಿಸುತ್ತೇನೆ ಎಂದಾಗ, ಯಾರ ಬೆನ್ನಿನ ಮೇಲೆ ಕಲ್ಲು ಹೇರುತ್ತೀರಿ ಎಂದು ಕೇಳುವ ಸ್ವಾಮಿಗಳು ಎಷ್ಟು ಜನ? ದೊರೆಗೆ ಕಲ್ಲು ಸಿಗುತ್ತದೆ, ಕೈದಿ ಸಿಗುತ್ತಾನೆ, ಎಂಜಿನಿಯರು ಸಿಗುತ್ತಾನೆ. ಅವನಿಗೆ ಸಿಗದಿರುವುದು ಪಾವಿತ್ರ್ಯ ಒಂದೇ. ಅದನ್ನು ಕೊಡುವವರು ಕಾವಿಯವರು, ಅಥವಾ ಕರಿಯ ನಿಲುವಂಗಿಯವರು. ನಾವು ಕೊಡುತ್ತೇವೆ. ಕೊಟ್ಟು, ನಾವು ಪ್ರಾರ್ಥನೆ ಮಾತ್ರ ಮಾಡುತ್ತಿದ್ದೆವು ಎನ್ನುತ್ತೇವೆ.

ಇಟಲಿ ದೇಶದ ಬೊಲ್ಜಾನೋ ಊರಿನಲ್ಲಿ ಒಂದು ಸರ್ಕಾರಿ ಕಚೇರಿ. ತೆರಿಗೆಯ ಕಚೇರಿ. ಅದರ ಗೋಡೆಯ ಮೇಲೆ ಮುಸೊಲಿನಿ ಕುದುರೆಯೇರಿದ ದೊಡ್ಡ ಕಲ್ಲಿನ ಕೆತ್ತನೆ. ನಂಬಿ, ವಿಧೇಯರಾಗಿ, ಹೋರಾಡಿ ಎಂದು ಜನಕ್ಕೆ ಅವನ ಅಪ್ಪಣೆ ಅದರಲ್ಲೇ ಇದೆ. ಆ ಊರಿನ ಜನರಲ್ಲಿ ಬಹಳ ಮಂದಿ ಜರ್ಮನ್ ಮಾತಿನವರು. ಅವನ ಕಾಲದಲ್ಲಿ ಶಾಲೆಯಲ್ಲಿ ಅವರ ಮಾತನ್ನೇ ನಿಲ್ಲಿಸಿದ್ದರು. ಅಂಥವರು ತೆರಿಗೆ ಕಟ್ಟಲು ಹೋದಾಗಲೆಲ್ಲ ಅವನ ಕುದುರೆಯ ಕೆಳಗೇ ಹಾದುಹೋಗಬೇಕು! ತೆಗೆಯಿರಿ ಎಂದು ಒಂದು ಗುಂಪು, ಬಿಡಿ ಎಂದು ಒಂದು ಗುಂಪು. 2017ರಲ್ಲಿ ಅವರು ತೆಗೆಯಲೂ ಇಲ್ಲ, ಬಿಡಲೂ ಇಲ್ಲ. ಕೆತ್ತನೆಯ ಎದುರಿಗೆ ಅಡ್ಡಲಾಗಿ ದೀಪದ ಅಕ್ಷರಗಳಲ್ಲಿ ಒಂದು ವಾಕ್ಯ ಬರೆದರು, ಅಲ್ಲಿಯ ಮೂರು ಭಾಷೆಗಳಲ್ಲಿ. ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಹೋದ ಹನ್ನಾ ಆರೆಂಟ್ ಎಂಬ ವಿಚಾರವಂತೆಯ ಮಾತು ಅದು. ಅಪ್ಪಣೆಯಾಗಿತ್ತು, ಪಾಲಿಸಿದೆ ಎಂದು ಹೇಳಿ ಪಾರಾಗುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ಅಭಿಪ್ರಾಯ. ಕತ್ತಲಾದ ಮೇಲೆ ಕಲ್ಲು ಮಸುಕಾಗುತ್ತದೆ, ಬೆಳಕಿನ ಅಕ್ಷರ ಎದ್ದು ಕಾಣುತ್ತದೆ. ಮಠದವರಾದ ನಮಗೆ ಆ ಮಾತು ಚುಚ್ಚುತ್ತದೆ ನೋಡಿ. ನಾವು ವಿಧೇಯತೆಯನ್ನು ಬಹಳ ಹೊಗಳುವ ಜನ.

ಆ ಹುಡುಗನಿಗೆ ಫೋನಿನಲ್ಲಿ ಉತ್ತರ ಹೇಳಿದೆವು. ಅಪ್ಪಾ, ನಿನ್ನ ಗೆಳೆಯನ ಅಜ್ಜಿಯ ಅಣ್ಣನ ಹೆಸರೇನು ಎಂದು ಕೇಳಿಕೋ. ಮತ್ತೆ ಹೋದಾಗ ಅವನ ಜೊತೆ ಬಾಗಿಲ ಹೊರಗೇ ನಿಲ್ಲು. ಆ ಹೆಸರು ಹೇಳಿ ಅಲ್ಲಿಂದಲೇ ಕೈಮುಗಿ ಎಂದೆವು. ಸರಿ ಬುದ್ಧಿ ಎಂದ.

ಹೇಳಿ ಫೋನು ಇಟ್ಟ ಮೇಲೆ ನಮ್ಮ ಕಣ್ಣು ದಾಸೋಹದ ಮನೆಯ ಬಾಗಿಲ ಕಲ್ಲಿನ ಕಡೆ ಹೋಯಿತು. ನೀವೆಲ್ಲ ನೋಡಿದ್ದೀರಿ. ಕಟ್ಟಿಸಿದ ಗೌಡರ ಹೆಸರಿದೆ, ಇಸವಿ ಇದೆ. ಅವರನ್ನು ಆ ಸರ್ವಾಧಿಕಾರಿಗಳಿಗೆ ಹೋಲಿಸಿದರೆ ನಾಲಿಗೆ ಹುಳ ಬಿದ್ದೀತು. ಮಠಕ್ಕೆ ಅನ್ನ ಕೊಟ್ಟವರು. ಆದರೆ ಕೆಲವು ವರ್ಷದ ಹಿಂದೆ ಹೊಲಗೇರಿಯ ಹಿರಿಯರೊಬ್ಬರು ಪ್ರಸಾದ ಮಾಡಿ ಕೈತೊಳೆಯುತ್ತ, “ಬುದ್ಧಿ, ಈ ಚಪ್ಪಡಿಗಳನ್ನು ನಮ್ಮಪ್ಪ, ನಮ್ಮ ದೊಡ್ಡಪ್ಪ, ಕೇರಿಯವರೆಲ್ಲ ಹೊತ್ತದ್ದು. ಬಿಟ್ಟಿ. ಎರಡು ಬೇಸಿಗೆ” ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ನಾವು ಹೂಂಗುಟ್ಟಿ ಮುಂದೆ ಹೋದೆವು. ಹೆಸರು ಕೇಳಲಿಲ್ಲ. ಆ ಹಿರಿಯರು ಈಗಿಲ್ಲ.

ಹೊಸ ಕಲ್ಲಿಗೆ ಹೇಳಿದ್ದೇವೆ. ಗೌಡರ ಕಲ್ಲು ಇದ್ದಲ್ಲೇ ಇರುತ್ತದೆ. ಅವರ ಮೊಮ್ಮಕ್ಕಳನ್ನು ಕರೆದು ಮಾತನಾಡಿದ್ದೇವೆ, ಅವರೂ ಒಪ್ಪಿದ್ದಾರೆ. ಅದರ ಕೆಳಗೆ ಹೊತ್ತವರ ಹೆಸರು ಬರುತ್ತದೆ. ಇದುವರೆಗೆ ಹದಿನೇಳು ಹೆಸರು ಸಿಕ್ಕಿವೆ. ಅದರಲ್ಲಿ ಹೆಂಗಸರದು ಮೂರೇ, ಅದು ಸರಿಯಾದ ಲೆಕ್ಕವಲ್ಲ. ಬುಟ್ಟಿಯಲ್ಲಿ ಗಾರೆ ಹೊತ್ತವರು ಹೆಂಗಸರೇ. ಇಲ್ಲಿ ಕುಳಿತ ತಾಯಂದಿರಲ್ಲಿ ಯಾರಿಗಾದರೂ ತಮ್ಮ ಅಜ್ಜಿ, ಮುತ್ತಜ್ಜಿ ಹೇಳಿದ್ದು ನೆನಪಿದ್ದರೆ ಬರುವ ಅಮಾವಾಸ್ಯೆಯೊಳಗೆ ಮಠದ ಕಚೇರಿಯಲ್ಲಿ ಬರೆಸಿ. ಕಲ್ಲುಕುಟಿಗರು ಹುಣ್ಣಿಮೆಗೆ ಕೆಲಸ ಹಿಡಿಯುತ್ತಾರೆ. ಪೂರ್ತಿ ಹೆಸರು ಗೊತ್ತಿಲ್ಲದಿದ್ದರೆ ಕರೆಯುತ್ತಿದ್ದ ಹೆಸರಾದರೂ ಆದೀತು.